ಮನೆತನದ ಇತಿಹಾಸ ಯಾರ ಸೊತ್ತು?

ಇಂಗ್ಲೆಂಡ್ ಮತ್ತು ವೇಲ್ಸಿನ 1911ರ ಜನಗಣತಿ ನಮೂನೆಯಲ್ಲಿ ಮದುವೆಯಾದ ಹೆಂಗಸಿನ ಹೆಸರಿನ ಎದುರು ನಾಲ್ಕು ಅಂಕಿಗಳನ್ನು ತುಂಬಬೇಕಾಗಿತ್ತು. ಮದುವೆಯಾಗಿ ಎಷ್ಟು ವರ್ಷ, ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು. ಮನೆಯವರು ತಮ್ಮ ಕೈಯಾರೆ ತುಂಬಿದ ಹಾಳೆಗಳನ್ನೇ ಸರಕಾರ ಕಾಪಿಟ್ಟದ್ದು ಅಲ್ಲಿ ಆ ಗಣತಿಯಿಂದ. ಅದಕ್ಕೂ ಹಿಂದಿನ ಗಣತಿಗಳಲ್ಲಿ ಉಳಿದಿರುವುದು ಬಹುಮಟ್ಟಿಗೆ ಗಣತಿದಾರರು ಎತ್ತಿ ಬರೆದುಕೊಂಡ ಪುಸ್ತಕಗಳು. ವಿಧವೆಯರು ಈ ಕಲಂ ತುಂಬುವ ಅಗತ್ಯವಿರಲಿಲ್ಲ. ಆದರೂ ಎಷ್ಟೋ ಮಂದಿ ತುಂಬಿದ್ದಾರೆ. ಬೇಡದ ಮಾಹಿತಿಯೆಂದು ಅಧಿಕಾರಿಗಳು ಅದರ ಮೇಲೆ ಗೀಟು ಎಳೆದಿದ್ದಾರೆ. ಗೀಟಿನ ಅಡಿಯ ಅಂಕಿಗಳನ್ನು ಈಗಲೂ ಓದಬಹುದು. 1901ರ ಗಣತಿಯ ನಂತರ ಹುಟ್ಟಿ 1911ಕ್ಕೆ ಮುಂಚೆ ಕಣ್ಣುಮುಚ್ಚಿದ ಕೂಸಿನ ಹೆಸರು ಯಾವ ಗಣತಿಯಲ್ಲೂ ಇರುವುದಿಲ್ಲ. ಅಂಥದೊಂದು ಮಗು ಆ ಮನೆಯಲ್ಲಿತ್ತು ಎಂಬ ಸುಳಿವನ್ನು ಗಣತಿ ಕೊಡುವುದು ತಾಯಿಯ ಸಾಲಿನ ಕೊನೆಯ ಅಂಕಿಯಲ್ಲಿ ಮಾತ್ರ.

ಮನೆತನದ ಇತಿಹಾಸ ಹುಡುಕುವವರನ್ನು ಕಂಡರೆ ವಿದ್ವತ್ ವಲಯದಲ್ಲಿ ಬಹುಕಾಲ ಒಂದು ತಾತ್ಸಾರವಿತ್ತು. ತಮ್ಮ ಮುತ್ತಜ್ಜ ಯಾವುದೋ ಅರಸುಮನೆಯವನೆಂದು ತೋರಿಸಿಕೊಳ್ಳುವ ಹವ್ಯಾಸ ಅದು ಎಂಬ ಭಾವನೆ. ಅಂಥವರು ಇಲ್ಲವೆಂದಲ್ಲ. ಆದರೆ ಆ ನಾಲ್ಕು ಅಂಕಿಗಳ ಮುಂದೆ ಸ್ವಲ್ಪ ಹೊತ್ತು ಕುಳಿತವರಿಗೆ ಗೊತ್ತಾಗುತ್ತದೆ, ಈ ಹುಡುಕಾಟ ನಮ್ಮನ್ನು ಒಯ್ಯುವುದು ಅರಮನೆಗಿಂತ ಹೆಚ್ಚಾಗಿ ಬಾಣಂತಿಕೋಣೆಗೆ, ಬಡವರ ಬಿಡಾರಕ್ಕೆ, ಸಾಲದ ಪತ್ರಕ್ಕೆ, ಊರು ಬಿಟ್ಟವರ ಹಡಗಿಗೆ. ರಾಜ್ಯಗಳ ಇತಿಹಾಸದಲ್ಲಿ ಒಂದು ಸಾಲೂ ಸಿಗದವರ ಸಾಮಾಜಿಕ ಬದುಕು ನಮಗೆ ದಕ್ಕುವ ಮುಖ್ಯ ಹಾದಿ ಇದೇ.

ಈ ಹಾದಿ ಕಳೆದ ಕಾಲು ಶತಮಾನದಲ್ಲಿ ಊಹಿಸಲಾಗದಷ್ಟು ಅಗಲವಾಗಿದೆ. ಅಮೆರಿಕದ ಯೂಟಾದಲ್ಲಿ 1894ರಲ್ಲಿ ಹುಟ್ಟಿದ ವಂಶಾವಳಿ ಸಂಘವೊಂದು 1938ರಿಂದ ಲೋಕದ ಊರೂರಿನ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುತ್ತ ಬಂತು. ತೀರಿಹೋದ ಪೂರ್ವಜರಿಗೂ ಧಾರ್ಮಿಕ ಸಂಸ್ಕಾರ ಸಲ್ಲಿಸಬಹುದೆಂಬ ಮಾರ್ಮನ್ ಚರ್ಚಿನ ನಂಬಿಕೆ ಅದರ ಹಿಂದಿನ ಪ್ರೇರಣೆ. ಸಾಲ್ಟ್ ಲೇಕ್ ಸಿಟಿಯ ಹತ್ತಿರ ಗ್ರಾನೈಟ್ ಬೆಟ್ಟವನ್ನು ಕೊರೆದು ಆ ಸುರುಳಿಗಳನ್ನು ಕಾಪಾಡಿದರು. ಇಂದು ಫ್ಯಾಮಿಲಿಸರ್ಚ್ ಎಂದು ಹೆಸರಾಗಿರುವ ಆ ಸಂಸ್ಥೆ 2021ರಲ್ಲಿ ಸುಮಾರು 24 ಲಕ್ಷ ಸುರುಳಿಗಳ ಡಿಜಿಟಲೀಕರಣವನ್ನು ಮುಗಿಸಿತು. ಹರಿದ್ವಾರದ ಪಂಡರ ವಂಶಾವಳಿ ವಹಿಗಳ ಚಿತ್ರಗಳೂ ಆ ಭಂಡಾರದಲ್ಲಿವೆ. ಇದರ ಜೊತೆಗೆ ಚಂದಾ ಪಡೆದು ದಾಖಲೆ ತೋರಿಸುವ ಕಂಪನಿಗಳು, ಉಗುಳಿನ ಮಾದರಿಯಿಂದ ದೂರದ ದಾಯಾದಿಗಳನ್ನು ಹುಡುಕಿಕೊಡುವ ಡಿಎನ್‌ಎ ಪರೀಕ್ಷೆಗಳು, ಹಳೆಯ ಕೈಬರಹವನ್ನು ತಾವೇ ಓದುವ ತಂತ್ರಾಂಶಗಳು ಬಂದಿವೆ. ಪತ್ರಾಗಾರಗಳಲ್ಲಿ ವರ್ಷಗಟ್ಟಲೆ ಕುಳಿತು ಮಾಡಬೇಕಾಗಿದ್ದ ಕೆಲಸ ಒಂದು ಸಂಜೆಯಲ್ಲಿ ಮುಗಿಯುವಂತೆ ಕಾಣುತ್ತದೆ.

ನನ್ನ ತಕರಾರು ಇರುವುದು ಈ ‘ಮುಗಿಯುವಂತೆ ಕಾಣುವ’ ಬಗ್ಗೆ. ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಕೈಗೆ ಬಂದೊಡನೆ ಕೆಲಸ ಆಯಿತೆಂದುಕೊಳ್ಳುವ ಅಭ್ಯಾಸ ಬೆಳೆಯುತ್ತಿದೆ. ದಾಖಲೆಯನ್ನು ಅದು ಹುಟ್ಟಿದ ಊರಿನಿಂದ, ಅಕ್ಕಪಕ್ಕದವರಿಂದ, ಅದನ್ನು ಬರೆಸಿದ ಅಧಿಕಾರದಿಂದ ಬೇರ್ಪಡಿಸಿ ಒಂದು ಮನೆಯ ಖಾಸಗಿ ಸೊತ್ತನ್ನಾಗಿ ಮಾಡಿಕೊಂಡರೆ ಇತಿಹಾಸ ಕೈತಪ್ಪುತ್ತದೆ.

ಯಾರು ಬರೆಸಿದರು, ಏಕೆ ಬರೆಸಿದರು

ಯಾವ ಕಾಗದವೂ ಮುಂದಿನ ಪೀಳಿಗೆಯ ವಂಶವೃಕ್ಷಕ್ಕೆಂದು ಬರೆದದ್ದಲ್ಲ. ಇಂಗ್ಲೆಂಡಿನಲ್ಲಿ 1538ರಲ್ಲಿ ಅರಸನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರುಕೇರಿ, ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಆಜ್ಞೆ ಮಾಡಿದಾಗ ಇದು ಹೊಸ ತೆರಿಗೆಗೆ ದಾರಿ ಎಂದು ಜನ ಹೆದರಿದ್ದರು. ಕ್ಯಾಥೊಲಿಕ್ ಚರ್ಚು ಟ್ರೆಂಟ್ ಮಹಾಸಭೆಯ ನಂತರ, 1563ರಿಂದ, ಮದುವೆಗಳನ್ನು ದಾಖಲಿಸಲು ಪಾದ್ರಿಗಳಿಗೆ ಕಟ್ಟುನಿಟ್ಟು ಮಾಡಿದ್ದು ಗುಟ್ಟಿನ ಮದುವೆಗಳನ್ನು ತಡೆಯಲು. ಸ್ವೀಡನ್ನಿನಲ್ಲಿ 1686ರ ಚರ್ಚ್ ಕಾನೂನಿನ ಮೇರೆಗೆ ಪಾದ್ರಿಗಳು ಮನೆಮನೆಯವರನ್ನು ಕೂರಿಸಿ ಪರೀಕ್ಷೆ ಮಾಡುತ್ತಿದ್ದರು: ಇವನಿಗೆ ಓದಲು ಬರುತ್ತದೆಯೇ, ಧರ್ಮಪ್ರಶ್ನೋತ್ತರ ಬಾಯಿಗೆ ಬರುತ್ತದೆಯೇ, ಅದರ ಅರ್ಥ ಗೊತ್ತೇ. ಯಾವ ಊರಿಂದ ಬಂದರು, ಯಾವ ಊರಿಗೆ ಹೋದರು ಎಂಬುದೂ ಆ ಪುಸ್ತಕಗಳಲ್ಲಿದೆ. ಭಕ್ತಿಯ ಲೆಕ್ಕ ಇಡಲು ಹೊರಟ ಚರ್ಚು ತನಗರಿವಿಲ್ಲದೆ ಒಂದು ದೇಶದ ಅಕ್ಷರಜ್ಞಾನದ ಚರಿತ್ರೆಯನ್ನು ಬರೆದಿಟ್ಟಿತು.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಇಂಗ್ಲೆಂಡಿನ ಬಡವರ ವಿಚಾರಣೆಯ ಕಾಗದಗಳು. 1662ರ ಕಾಯಿದೆಯ ಪ್ರಕಾರ ಪ್ರತಿಯೊಬ್ಬ ಬಡವನಿಗೂ ‘ತನ್ನದು’ ಎನ್ನುವ ಒಂದು ಪ್ಯಾರಿಷ್ ಇರಬೇಕು. ಅವನನ್ನು ಸಾಕುವ ಹೊಣೆ ಆ ಪ್ಯಾರಿಷಿನದು. ಬೇರೆ ಊರಿನಲ್ಲಿ ಕೆಲಸ ಕಳೆದುಕೊಂಡು ಅಥವಾ ಕಾಯಿಲೆ ಬಿದ್ದು ಕೈಚಾಚಿದರೆ ಅವನನ್ನು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸಿ ಕೇಳುತ್ತಿದ್ದರು. ಎಲ್ಲಿ ಹುಟ್ಟಿದೆ, ಯಾರ ಬಳಿ ಕಸುಬು ಕಲಿತೆ, ಯಾರ ಮನೆಯಲ್ಲಿ ಪೂರ್ತಿ ಒಂದು ವರ್ಷ ಆಳಾಗಿದ್ದೆ, ಎಷ್ಟು ಬಾಡಿಗೆ ಕೊಟ್ಟೆ, ಯಾವಾಗ ಮದುವೆಯಾದೆ, ಮಕ್ಕಳೆಷ್ಟು? ಅವನು ಹೇಳಿದ್ದನ್ನೆಲ್ಲ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಕೊನೆಯಲ್ಲಿ ಆ ಮನುಷ್ಯ ಹೆಬ್ಬೆಟ್ಟಿನ ಬದಲು ಒಂದು ಕತ್ತರಿ ಗುರುತು ಹಾಕುತ್ತಿದ್ದ. ಉತ್ತರ ಸರಿಹೊಂದದಿದ್ದರೆ ಸಂಸಾರ ಸಮೇತ ಗಡಿಯಾಚೆಗೆ ಸಾಗಹಾಕುವ ಆದೇಶ ಹೊರಡುತ್ತಿತ್ತು. ಹುಟ್ಟುವ ಮಗುವಿನ ಹೊರೆ ನಮ್ಮ ಮೇಲೆ ಬೀಳಬಾರದೆಂದು ಮದುವೆಯಾಗದ ಬಸುರಿಯರನ್ನು ಆತುರಾತುರವಾಗಿ ಊರು ದಾಟಿಸಿದ ಪ್ರಸಂಗಗಳೂ ಇವೆ.

ಒಬ್ಬ ಕೂಲಿಯಾಳಿನ ಆತ್ಮಕಥೆಗೆ ಇಷ್ಟು ಹತ್ತಿರದ ಕಾಗದ ಮತ್ತೊಂದು ಸಿಗುವುದು ಕಷ್ಟ. ಅದು ಉಳಿದದ್ದು ಅವನ ಮೇಲಿನ ಕರುಣೆಯಿಂದಲ್ಲ, ಅವನಿಗೆ ಅನ್ನ ಹಾಕುವ ಖರ್ಚು ಯಾರದೆಂಬ ಜಗಳದಿಂದ. ಆದ್ದರಿಂದ ಅದನ್ನು ಓದುವಾಗ ಅವನ ಉತ್ತರಗಳ ಜೊತೆಗೆ ಅವನನ್ನು ಕೇಳದ ಪ್ರಶ್ನೆಗಳನ್ನೂ ಓದಬೇಕು. ಹೆಂಡತಿಯ ತವರು ಯಾವುದು ಎಂದು ಕೇಳುತ್ತಿದ್ದುದು ಅಪರೂಪ, ಏಕೆಂದರೆ ಮದುವೆಯಾದ ಹೆಣ್ಣಿಗೆ ಗಂಡನ ಪ್ಯಾರಿಷೇ ಗತಿ. ಎಷ್ಟೋ ವಂಶವೃಕ್ಷಗಳಲ್ಲಿ ಹೆಣ್ಣಿನ ಕಡೆಯ ಕೊಂಬೆ ಎರಡೇ ತಲೆಮಾರಿಗೆ ಮುರಿದುಬೀಳುವುದಕ್ಕೆ ಮರೆವು ಕಾರಣವಲ್ಲ. ಬರೆಸಿದವರಿಗೆ ಅದು ಬೇಕಾಗಿರಲಿಲ್ಲ.

ಹೆಸರಿಲ್ಲದೆ ಬರೆಯಲ್ಪಟ್ಟವರು

ಅಮೆರಿಕದ 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆಂದೇ ಪ್ರತ್ಯೇಕ ಪಟ್ಟಿಗಳಿದ್ದವು. ಒಡೆಯನ ಹೆಸರು ಇದೆ. ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ. ಹೆಸರಿನ ಜಾಗವೇ ಇಲ್ಲ. ಬಿಡುಗಡೆಯಾದ ಜನರಲ್ಲಿ ಬಹುಪಾಲು ಮಂದಿ ಹೆಸರಿನೊಡನೆ ಗಣತಿಯಲ್ಲಿ ಕಾಣಿಸಿಕೊಳ್ಳುವುದು 1870ರಲ್ಲಿ. ಆಫ್ರಿಕನ್ ಅಮೆರಿಕನ್ ಕುಟುಂಬಗಳ ಹುಡುಕಾಟ ಆ ವರ್ಷಕ್ಕೆ ಬಂದು ಗೋಡೆಗೆ ಹಾಯುತ್ತದೆಂದು ಸಂಶೋಧಕರು ಹೇಳುವುದು ಇದಕ್ಕೇ.

ಆ ಗೋಡೆಯನ್ನು ದಾಟಲು ಸಿಕ್ಕಿರುವ ಕಿಂಡಿಗಳು ಕಣ್ಣು ತೇವವಾಗಿಸುವಂಥವು. ಬಿಡುಗಡೆಯಾದವರ ಉಳಿತಾಯಕ್ಕೆಂದು 1865ರಲ್ಲಿ ತೆರೆದ ಫ್ರೀಡ್‌ಮನ್ಸ್ ಬ್ಯಾಂಕ್ 1874ರಲ್ಲಿ ಮುಳುಗಿತು. ಸಾವಿರಾರು ಬಡವರ ಹಣ ಹೋಯಿತು. ಉಳಿದದ್ದು ಖಾತೆ ತೆರೆಯುವಾಗ ತುಂಬಿಸಿಕೊಂಡ ಪುಸ್ತಕಗಳು. ಸಹಿ ಮಾಡಲು ಬಾರದ ಗಿರಾಕಿಯನ್ನು ಮುಂದೆ ಗುರುತಿಸಬೇಕಲ್ಲ, ಅದಕ್ಕಾಗಿ ಬ್ಯಾಂಕಿನವರು ಹುಟ್ಟೂರು, ತಂದೆ ತಾಯಿ, ಅಣ್ಣತಮ್ಮ ಅಕ್ಕತಂಗಿಯರ ಹೆಸರು, ಕೆಲವು ಕಡೆ ಹಿಂದಿನ ಒಡೆಯನ ಹೆಸರನ್ನೂ ಬರೆದುಕೊಂಡಿದ್ದರು. ಮಾರಾಟದಲ್ಲಿ ಚೆದುರಿದ ಸಂಸಾರವೊಂದು ಒಂದೇ ಹಾಳೆಯಲ್ಲಿ ಮತ್ತೆ ಸೇರಿದಂತೆ ಸಿಗುವುದು ಅಲ್ಲಿ. 1865ರಲ್ಲೇ ಬಿಡುಗಡೆಯಾದವರ ನೆರವಿಗೆಂದು ಸ್ಥಾಪನೆಯಾದ ಫ್ರೀಡ್‌ಮೆನ್ಸ್ ಬ್ಯೂರೋದ ದಾಖಲೆಗಳಿಂದ ಸುಮಾರು 18 ಲಕ್ಷ ಹೆಸರುಗಳನ್ನು ಸಾವಿರಾರು ಸ್ವಯಂಸೇವಕರು ಸೇರಿ 2016ರ ಹೊತ್ತಿಗೆ ಸೂಚಿಗೆ ತಂದರು. ಈ ಕ್ಷೇತ್ರದಲ್ಲಿ ಯಾವುದಾದರೂ ಕೆಲಸವನ್ನು ಪುಣ್ಯದ ಕೆಲಸ ಎನ್ನಬಹುದಾದರೆ ಅದು ಇದು.

ಹೊಸ ತಂತ್ರಜ್ಞಾನದ ನಿಜವಾದ ಕೊಡುಗೆಯನ್ನೂ ಇಲ್ಲೇ ಹೇಳಬೇಕು. ಹಳೆಯ ಸೂಚಿಗಳು ದಾಖಲೆಯ ಮುಖ್ಯ ವ್ಯಕ್ತಿಯನ್ನು ಮಾತ್ರ ಹೆಸರಿಸುತ್ತಿದ್ದವು. ಉಯಿಲಾದರೆ ಅದನ್ನು ಬರೆದವನು, ಕ್ರಯಪತ್ರವಾದರೆ ಕೊಂಡವನು ಮತ್ತು ಮಾರಿದವನು. 2024ರಲ್ಲಿ ಫ್ಯಾಮಿಲಿಸರ್ಚ್ ಪ್ರಯೋಗಕ್ಕೆ ಬಿಟ್ಟ ಪೂರ್ಣಪಠ್ಯ ಹುಡುಕಾಟ ಅಮೆರಿಕದ ಹಳೆಯ ಭೂದಾಖಲೆ ಮತ್ತು ಉಯಿಲುಗಳ ಕೈಬರಹವನ್ನು ಯಂತ್ರದಿಂದ ಓದಿಸಿ ಪುಟದ ಎಲ್ಲ ಪದಗಳನ್ನೂ ಹುಡುಕಲು ಬಿಡುತ್ತದೆ. ಪರಿಣಾಮ ದೊಡ್ಡದು. ಒಡೆಯನ ಉಯಿಲಿನಲ್ಲಿ ದನಕರು, ಪೀಠೋಪಕರಣಗಳ ಮಧ್ಯೆ ಮೊದಲ ಹೆಸರು ಮತ್ತು ಬೆಲೆಯೊಡನೆ ದಾಖಲಾಗಿದ್ದ ಹೆಂಗಸು ಈಗ ತನ್ನ ಹೆಸರಿನಿಂದಲೇ ಸಿಗುತ್ತಾಳೆ. ಸಾಕ್ಷಿ ಹಾಕಿದ ನೆರೆಯವನು ಸಿಗುತ್ತಾನೆ, ಗಡಿ ಹೇಳುವಾಗ ಬಂದುಹೋದ ಬಡ ಹಿಡುವಳಿದಾರ ಸಿಗುತ್ತಾನೆ. ಸೂಚಿ ಮಾಡಿದವರು ಯಾರನ್ನು ಮುಖ್ಯರೆಂದು ಭಾವಿಸಿದ್ದರೋ ಅವರಷ್ಟೇ ಕಾಣುತ್ತಿದ್ದ ಕಾಲ ಮುಗಿಯುತ್ತ ಬಂದಿದೆ. ಯಂತ್ರ ತಪ್ಪು ಓದುತ್ತದೆ, ನಿಜ. 1950ರ ಅಮೆರಿಕನ್ ಗಣತಿಯನ್ನು 2022ರ ಏಪ್ರಿಲ್ 1ರಂದು ತೆರೆದಾಗ ಹೆಸರುಗಳನ್ನು ಯಂತ್ರದಿಂದಲೇ ಓದಿಸಿ, ತಿದ್ದುವ ಅವಕಾಶವನ್ನು ಸಾರ್ವಜನಿಕರಿಗೆ ಕೊಟ್ಟಿದ್ದರು. ಅದು ಸರಿಯಾದ ಕ್ರಮ ಎಂದು ನನ್ನ ಅಭಿಪ್ರಾಯ. ಮೂಲ ಹಾಳೆಯ ಚಿತ್ರ ಪಕ್ಕದಲ್ಲೇ ಇರುವವರೆಗೆ ಯಂತ್ರದ ತಪ್ಪು ದೊಡ್ಡ ಅಪಾಯವಲ್ಲ.

ಒಪ್ಪಂದದ ಕೂಲಿಗಳಾಗಿ ಭಾರತದಿಂದ ಸಾಗರ ದಾಟಿದವರ ಕಥೆ ಇದಕ್ಕಿಂತ ಬೇರೆ, ಆದರೆ ಸಂಬಂಧವಿಲ್ಲದ್ದಲ್ಲ. 1834ರಿಂದ ಮಾರಿಷಸ್ಸಿನ ಪೋರ್ಟ್ ಲೂಯಿ ಬಂದರಿಗೆ ಹತ್ತಿರ ಹತ್ತಿರ ಐದು ಲಕ್ಷ ಜನ ಹೀಗೆ ಬಂದಿಳಿದರು. ಅವರು ಇಳಿದ ಆಪ್ರವಾಸಿ ಘಾಟ್ 2006ರಿಂದ ವಿಶ್ವ ಪರಂಪರೆಯ ತಾಣ. ಕಲ್ಕತ್ತಾ, ಮದ್ರಾಸ್ ಬಂದರುಗಳಿಂದ ಹೊರಟವರಿಗೆ ಕೊಡುತ್ತಿದ್ದ ವಲಸೆ ಪತ್ರವನ್ನು ಕೈಯಲ್ಲಿ ಹಿಡಿದು ನೋಡಬೇಕು. ಹಡಗಿನ ಹೆಸರು, ಕೂಲಿಯ ಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಜಿಲ್ಲೆ, ಠಾಣೆ, ಗ್ರಾಮ, ಮೈಮೇಲಿನ ಗುರುತು. ಕಣ್ಣಿನ ಕೆಳಗಿನ ಮಚ್ಚೆ, ಮೊಣಕಾಲಿನ ಗಾಯದ ಕಲೆ ಇಂಥದ್ದು. ಪ್ಲಾಂಟೇಶನ್ನಿನಿಂದ ಓಡಿಹೋದರೆ ಹಿಡಿಯಲು ಬೇಕೆಂದು ಬರೆದ ಗುರುತು, ಇಂದು ಮೊಮ್ಮಕ್ಕಳ ಮಕ್ಕಳಿಗೆ ಆ ದೇಹದ ಬಗ್ಗೆ ಸಿಗುವ ಏಕೈಕ ವಿವರ. ಕೆರಿಬಿಯನ್ ವಸಾಹತುಗಳಿಗೆ ಹೋಗುವ ಹಡಗುಗಳಲ್ಲಿ 100 ಗಂಡಸರಿಗೆ 40 ಹೆಂಗಸರಾದರೂ ಇರಬೇಕೆಂಬ ನಿಯಮ ಬಂದಿತ್ತು. ಒಂಟಿಯಾಗಿ ಹೆಸರು ಬರೆಸಿದ ಹೆಂಗಸರು ಆ ಪತ್ರಗಳಲ್ಲಿ ಬಹಳ ಮಂದಿ ಇದ್ದಾರೆ. ವಿಧವೆಯರೋ, ಗಂಡನ ಮನೆ ಬಿಟ್ಟವರೋ, ಬರಗಾಲದಿಂದ ಹೊರಟವರೋ, ಪತ್ರ ಅದನ್ನು ಹೇಳುವುದಿಲ್ಲ. ಊರಿನ ಹೆಸರನ್ನು ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾನೆ. ಜಿಲ್ಲೆಗಳ ಗಡಿ ಬದಲಾಗಿದೆ. ಆದ್ದರಿಂದ ಆ ಪತ್ರ ಹಿಡಿದು ಪೂರ್ವಜರ ಹಳ್ಳಿ ಹುಡುಕಿ ಬರುವವರಿಗೆ ಕೊನೆಗೆ ದಾರಿ ತೋರಿಸುವುದು ಸರ್ಚ್ ಪೆಟ್ಟಿಗೆಯಲ್ಲ. ಹಳೆಯ ಠಾಣೆಯ ನಕ್ಷೆ, ಆ ಸೀಮೆಯ ಉಚ್ಚಾರಣೆ ಬಲ್ಲ ಒಬ್ಬ ಹಿರಿಯರು, ಅಷ್ಟೇ.

ಕಾಗದವೇ ಇಲ್ಲದ ಕಡೆ ನೆನಪನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಪಶ್ಚಿಮ ಆಫ್ರಿಕದ ಗ್ರಿಯೋಗಳು, ನಮ್ಮ ಹೆಳವರು, ವಂಶಾವಳಿಯನ್ನು ಬಾಯಿಪಾಠವಾಗಿ ಸಭೆಯಲ್ಲಿ ಒಪ್ಪಿಸುವ ನ್ಯೂಜಿಲೆಂಡಿನ ಮಾವೊರಿ ಹಿರಿಯರು. ಬಾಯಿಮಾತಿನ ವಂಶಾವಳಿಯನ್ನು ಕಟ್ಟುಕಥೆ ಎಂದು ತಳ್ಳಿಹಾಕುವವರು, ಗಣತಿಯ ಗುಮಾಸ್ತನೂ ಬಾಯಿಮಾತನ್ನೇ ಕೇಳಿ ಬರೆದುಕೊಂಡ ಎಂಬುದನ್ನು ಮರೆಯುತ್ತಾರೆ. ಎರಡನ್ನೂ ಒಂದೇ ಎಚ್ಚರದಿಂದ ಪರೀಕ್ಷಿಸಬೇಕು.

ನಕಲಿನ ನಕಲು

ಈಗಿನ ದೊಡ್ಡ ರೋಗ ಬೇರೆ. ಯಾರೋ ಒಬ್ಬರು ಒಂದೇ ಹೆಸರಿನ ಇಬ್ಬರನ್ನು ಒಬ್ಬರೇ ಎಂದು ತಿಳಿದು ವಂಶವೃಕ್ಷಕ್ಕೆ ಸೇರಿಸುತ್ತಾರೆ. ತಾಣ ಅದನ್ನು ಉಳಿದವರಿಗೆ ‘ಸುಳಿವು’ ಎಂದು ತೋರಿಸುತ್ತದೆ. ಅವರು ಗುಂಡಿ ಒತ್ತಿ ನಕಲು ಮಾಡಿಕೊಳ್ಳುತ್ತಾರೆ. ನೂರು ಮರಗಳಲ್ಲಿ ಒಂದೇ ತಪ್ಪು ಇದ್ದಾಗ ನೂರಾ ಒಂದನೆಯವರಿಗೆ ಅದು ನೂರು ಸಾಕ್ಷಿಗಳಂತೆ ಕಾಣುತ್ತದೆ. ತಾಯಿಗೆ ಒಂಬತ್ತು ವರ್ಷವಾಗಿದ್ದಾಗ ಹುಟ್ಟಿದ ಮಗ, ಸತ್ತ ಮೇಲೆ ಮದುವೆಯಾದ ಗಂಡ, ಇಂಥವು ಆನ್‌ಲೈನ್ ಮರಗಳಲ್ಲಿ ದಂಡಿಯಾಗಿ ಸಿಗುತ್ತವೆ.

ಮನೆಮಾತಿನ ಕಥೆಗಳೂ ಇದೇ ರೀತಿ ಗಟ್ಟಿಯಾಗುತ್ತವೆ. ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ನಮ್ಮ ಅಜ್ಜನ ಹೆಸರು ಬದಲಾಯಿಸಿಬಿಟ್ಟರು ಎಂಬ ಕಥೆ ಅಮೆರಿಕದ ಅಸಂಖ್ಯ ಮನೆಗಳಲ್ಲಿದೆ. 1892ರಿಂದ 1954ರವರೆಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ ಹಾದುಹೋದ ಆ ಕೇಂದ್ರದಲ್ಲಿ ಅಧಿಕಾರಿಗಳು ಹೊಸದಾಗಿ ಹೆಸರು ಬರೆಯುತ್ತಲೇ ಇರಲಿಲ್ಲ. ಹಡಗು ಹೊರಡುವ ಬಂದರಿನಲ್ಲಿ ತಯಾರಾದ ಪಟ್ಟಿಯನ್ನು ಮುಂದಿಟ್ಟುಕೊಂಡು ತಾಳೆ ನೋಡುತ್ತಿದ್ದರು. ಹೆಸರುಗಳು ಬದಲಾದದ್ದು ಬಹುಮಟ್ಟಿಗೆ ಆಮೇಲೆ, ಕೆಲಸದ ಜಾಗದಲ್ಲಿ, ಶಾಲೆಯಲ್ಲಿ, ಎಷ್ಟೋ ಸಲ ಅವರ ಸ್ವಂತ ಇಚ್ಛೆಯಿಂದ. ಆ ಕಥೆ ಸುಳ್ಳೆಂದು ಎಸೆಯಬೇಕಾಗಿಲ್ಲ. ಹೊಸ ನಾಡಿನಲ್ಲಿ ಹೆಸರು ಬಿಟ್ಟ ನೋವನ್ನು ಯಾರ ಮೇಲೆ ಹೊರಿಸಲು ಒಂದು ಪೀಳಿಗೆ ಬಯಸಿತು ಎಂಬುದನ್ನು ಅದು ಹೇಳುತ್ತದೆ. ಸಾಮಾಜಿಕ ಇತಿಹಾಸಕ್ಕೆ ಅದೂ ಸಾಕ್ಷಿಯೇ.

ಡಿಎನ್‌ಎ ಪರೀಕ್ಷೆಯವರು ನಮ್ಮ ಮೂಲ ಯಾವ ಸೀಮೆಯದೆಂದು ಕೊಡುವ ಶೇಕಡಾವಾರು ಲೆಕ್ಕಗಳ ಮೇಲೆ ಜನ ಇಡುವ ಭರವಸೆ ಕಂಡರೆ ನನಗೆ ಕಳವಳವಾಗುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬನಿಗೆ 1,024 ಪೂರ್ವಜರ ಸ್ಥಾನಗಳಿವೆ. ಅವರೆಲ್ಲರ ಅಂಶವೂ ನಮ್ಮ ಜೀನುಗಳಲ್ಲಿ ಉಳಿದಿರುವುದಿಲ್ಲ. ಒಡಹುಟ್ಟಿದವರಿಗೇ ಬೇರೆ ಬೇರೆ ಶೇಕಡಾ ಬರುತ್ತದೆ. ಕಂಪನಿ ತನ್ನ ಹೋಲಿಕೆಯ ಮಾದರಿಗಳನ್ನು ಬದಲಿಸಿದಾಗ ನಿಮ್ಮ ‘ಮೂಲ’ವೂ ಬದಲಾಗುತ್ತದೆ. ಹತ್ತಿರದ ಸಂಬಂಧಿಗಳನ್ನು ಹುಡುಕಲು, ದತ್ತು ಹೋದವರು ಹೆತ್ತವರನ್ನು ಕಾಣಲು ಈ ಪರೀಕ್ಷೆ ಅಮೂಲ್ಯ. ಯಾವ ಜನಾಂಗದವರು ನಾವು ಎಂದು ಹೆಮ್ಮೆಪಡಲೋ ಕುಗ್ಗಲೋ ಅದನ್ನು ಆಧಾರ ಮಾಡಿಕೊಳ್ಳುವುದು ತಪ್ಪು.

ಹಾಗಾದರೆ ಗಟ್ಟಿ ಕೆಲಸ ಯಾವುದು? ಅಮೆರಿಕದ ವಂಶಾವಳಿ ಸಂಶೋಧಕಿ ಎಲಿಜಬೆತ್ ಶೋನ್ ಮಿಲ್ಸ್ ಬಹಳ ವರ್ಷಗಳಿಂದ ಒತ್ತಿ ಹೇಳುತ್ತಿರುವ ವಿಧಾನ ಸರಳವಾಗಿದೆ: ಒಬ್ಬನನ್ನು ಹುಡುಕಬೇಕಾದರೆ ಅವನ ಸ್ನೇಹಿತರು, ಜೊತೆಗೆ ವ್ಯವಹರಿಸಿದವರು, ನೆರೆಹೊರೆಯವರನ್ನೂ ಹುಡುಕಿ. ಗಣತಿಯಲ್ಲಿ ನಿಮ್ಮ ಮನೆಯ ಸಾಲು ಸಿಕ್ಕಾಗ ಹಿಂದಿನ ಎರಡು ಪುಟ, ಮುಂದಿನ ಎರಡು ಪುಟ ಓದಿ. ಮದುವೆಗೆ ಸಾಕ್ಷಿ ಹಾಕಿದವರು ಯಾರು, ಮಗುವಿಗೆ ದೀಕ್ಷೆಯ ತಂದೆತಾಯಿಯಾಗಿ ನಿಂತವರು ಯಾರು, ಸಾಲಕ್ಕೆ ಜಾಮೀನು ನಿಂತವರು ಯಾರು. ವಲಸೆ ಹೋದವರು ಸಾಮಾನ್ಯವಾಗಿ ಒಂಟಿಯಾಗಿ ಹೋಗುವುದಿಲ್ಲ. ಒಂದು ಊರಿನ ಹತ್ತು ಮನೆ ಇನ್ನೊಂದು ಊರಿನ ಒಂದೇ ಬೀದಿಯಲ್ಲಿ ಸಿಗುತ್ತವೆ. ನೆರೆಯವನ ಹುಟ್ಟೂರು ಗೊತ್ತಾದರೆ ನಿಮ್ಮವನದೂ ಗೊತ್ತಾಗುವ ಸಂಭವ ಹೆಚ್ಚು.

ಊರನ್ನೇ ಇಡಿಯಾಗಿ ಓದಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ನಿದರ್ಶನವಿದೆ. ಫ್ರಾನ್ಸಿನ ಜನಸಂಖ್ಯಾ ತಜ್ಞ ಲೂಯಿ ಹೆನ್ರಿ 1950ರ ದಶಕದಲ್ಲಿ ಚರ್ಚಿನ ರಿಜಿಸ್ಟರುಗಳಿಂದ ಒಂದೊಂದು ಸಂಸಾರವನ್ನೂ ಮತ್ತೆ ಕಟ್ಟುವ ಕ್ರಮವನ್ನು ರೂಪಿಸಿದರು. ಪೀಟರ್ ಲಾಸ್ಲೆಟ್ ಮತ್ತು ಟೋನಿ ರಿಗ್ಲಿ 1964ರಲ್ಲಿ ಕೇಂಬ್ರಿಡ್ಜಿನಲ್ಲಿ ಕಟ್ಟಿದ ಸಂಶೋಧನಾ ಗುಂಪು ಇಂಗ್ಲೆಂಡಿನ ಜನಸಂಖ್ಯೆಯ ಚರಿತ್ರೆ ಬರೆಯಲು ಹೊರಟಾಗ 404 ಪ್ಯಾರಿಷ್‌ಗಳ ರಿಜಿಸ್ಟರುಗಳನ್ನು ಕುಳಿತು ಎಣಿಸಿಕೊಟ್ಟವರು ಮುಖ್ಯವಾಗಿ ಊರೂರಿನ ಹವ್ಯಾಸಿಗಳು. ಹಿಂದಿನ ಕಾಲದಲ್ಲಿ ಎಲ್ಲರೂ ಚಿಕ್ಕ ವಯಸ್ಸಿಗೇ ಮದುವೆಯಾಗಿ ದೊಡ್ಡ ಕೂಡುಕುಟುಂಬದಲ್ಲಿ ಬಾಳಿದರು ಎಂಬ ನಂಬಿಕೆ ಇಂಗ್ಲೆಂಡಿನ ಮಟ್ಟಿಗೆ ಈ ಕೆಲಸದಿಂದ ಬಿದ್ದುಹೋಯಿತು. ಅಲ್ಲಿನ ಸಾಮಾನ್ಯ ಜನ ಇಪ್ಪತ್ತೈದರ ಆಸುಪಾಸಿನಲ್ಲಿ ಮದುವೆಯಾಗಿ, ಸಣ್ಣ ಸಂಸಾರಗಳಲ್ಲಿ ಇದ್ದರು. ತನ್ನ ಮನೆಯ ಹೆಸರುಗಳನ್ನು ಹುಡುಕಲು ಕುಳಿತವರು ಊರಿನ ಎಲ್ಲ ಹೆಸರುಗಳನ್ನೂ ಬರೆದುಕೊಂಡಾಗ ಮಾತ್ರ ಇಂಥ ತಿಳಿವಳಿಕೆ ಸಾಧ್ಯ.

ಬೀಗದ ಕೈ ಯಾರ ಬಳಿ

ದಾಖಲೆಗಳು ಸುಟ್ಟ ಕಥೆ ಈ ಕ್ಷೇತ್ರದ ಎಲ್ಲರಿಗೂ ಗೊತ್ತು. ಅಮೆರಿಕದ 1890ರ ಗಣತಿಯ ಬಹುಭಾಗ 1921ರ ಬೆಂಕಿಯಲ್ಲಿ ಹಾಳಾಯಿತು, ಉಳಿದದ್ದನ್ನು ಮುಂದೆ ಸರಕಾರವೇ ನಾಶಮಾಡಿತು. ಇಂಗ್ಲೆಂಡ್ ಮತ್ತು ವೇಲ್ಸಿನ 1931ರ ಗಣತಿ 1942ರಲ್ಲಿ ಸುಟ್ಟುಹೋಯಿತು. ಯುದ್ಧದಿಂದಾಗಿ 1941ರಲ್ಲಿ ಗಣತಿಯೇ ನಡೆಯಲಿಲ್ಲ. ಹೀಗಾಗಿ 1921ರ ನಂತರ ಅಲ್ಲಿ ತೆರೆಯಬಹುದಾದ ಮುಂದಿನ ಗಣತಿ 1951ರದು.

ಆ 1921ರ ಗಣತಿಯನ್ನು 2022ರ ಜನವರಿಯಲ್ಲಿ ತೆರೆದ ರೀತಿ ಬೇರೆ ಬಗೆಯ ಚಿಂತೆ ಹುಟ್ಟಿಸುತ್ತದೆ. ಡಿಜಿಟಲೀಕರಣದ ಖರ್ಚನ್ನು ಖಾಸಗಿ ಕಂಪನಿಯೊಂದು ಹೊತ್ತಿತು. ಪ್ರತಿಯಾಗಿ, ಒಂದು ಮನೆಯ ಬರಹದ ಪ್ರತಿಗೆ 2.50 ಪೌಂಡ್, ಮೂಲ ಹಾಳೆಯ ಚಿತ್ರಕ್ಕೆ 3.50 ಪೌಂಡ್ ಎಂದು ಬೆಲೆ ನಿಗದಿಯಾಯಿತು. ಪುಕ್ಕಟೆಯಾಗಿ ನೋಡಬೇಕೆಂದರೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರವೂ ಸೇರಿ ಬೆರಳೆಣಿಕೆಯ ಕಡೆಗಳಿಗೆ ಹೋಗಬೇಕಿತ್ತು. ತೆರಿಗೆ ಹಣದಿಂದ, ಕಾನೂನಿನ ಒತ್ತಾಯದಿಂದ ಜನರಿಂದಲೇ ತುಂಬಿಸಿಕೊಂಡ ಹಾಳೆಯನ್ನು ಆ ಜನರ ಮಕ್ಕಳು ದುಡ್ಡು ಕೊಟ್ಟು ನೋಡಬೇಕಾದದ್ದು ಸರಿಯಲ್ಲ. ಅಕ್ಕಪಕ್ಕದ ಪುಟಗಳನ್ನು ಓದಿ ಎಂದು ಮೇಲೆ ಹೇಳಿದೆನಲ್ಲ, ಮನೆಗೊಂದು ಬೆಲೆ ಕಟ್ಟಿದಾಗ ಆ ಓದು ಅಸಾಧ್ಯವಾಗುತ್ತದೆ. ತನ್ನ ಮನೆಯನ್ನಷ್ಟೇ ನೋಡಿ ಹೋಗುವ ಗಿರಾಕಿಯನ್ನು ಆ ವ್ಯವಸ್ಥೆ ತಯಾರಿಸುತ್ತದೆ. ಖಾಸಗಿ ಬಂಡವಾಳ ಇಲ್ಲದಿದ್ದರೆ ಇಷ್ಟು ಬೇಗ ಕೆಲಸ ಆಗುತ್ತಿರಲಿಲ್ಲ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಐರ್ಲೆಂಡ್ ತನ್ನ 1901 ಮತ್ತು 1911ರ ಗಣತಿಗಳನ್ನು ಎಲ್ಲರಿಗೂ ಉಚಿತವಾಗಿ ಆನ್‌ಲೈನಿನಲ್ಲಿ ತೆರೆದಿಟ್ಟಿದೆ. ಮನಸ್ಸಿದ್ದರೆ ಆಗುತ್ತದೆ. ಈ ವ್ಯಾಪಾರದ ಗಾತ್ರ ತಿಳಿಯಬೇಕಾದರೆ ಒಂದು ಅಂಕಿ ಸಾಕು: ವಂಶಾವಳಿ ದಾಖಲೆಗಳನ್ನು ಚಂದಾಕ್ಕೆ ತೋರಿಸುವ ಆನ್ಸೆಸ್ಟ್ರಿ ಕಂಪನಿಯನ್ನು 2020ರಲ್ಲಿ ಬ್ಲಾಕ್‌ಸ್ಟೋನ್ ಹೂಡಿಕೆ ಸಂಸ್ಥೆ ಕೊಂಡದ್ದು 470 ಕೋಟಿ ಡಾಲರ್ ಮೌಲ್ಯಕ್ಕೆ.

ಜೀನುಗಳ ವಿಷಯದಲ್ಲಿ ಅಪಾಯ ಇನ್ನೂ ನೇರ. 2023ರಲ್ಲಿ ಡಿಎನ್‌ಎ ಪರೀಕ್ಷೆ ಮಾಡುವ 23ಆಂಡ್‌ಮಿ ಕಂಪನಿಯ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಕಳ್ಳರ ಕೈ ಸೇರಿತು. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿದಾಗ, ಲಕ್ಷಾಂತರ ಜನರ ಡಿಎನ್‌ಎ ಮಾಹಿತಿಯೂ ಮಾರಾಟಕ್ಕಿಟ್ಟ ಆಸ್ತಿಗಳಲ್ಲಿ ಒಂದಾಯಿತು. ಒಬ್ಬರು ಉಗುಳು ಕೊಟ್ಟರೆ ಅವರ ಅಣ್ಣತಮ್ಮಂದಿರ, ಮಕ್ಕಳ, ಇನ್ನೂ ಹುಟ್ಟದ ಮೊಮ್ಮಕ್ಕಳ ಗುಟ್ಟೂ ಅದರಲ್ಲಿದೆ. ಒಪ್ಪಿಗೆ ಕೊಟ್ಟದ್ದು ಮಾತ್ರ ಒಬ್ಬರು.

ಎಲ್ಲವನ್ನೂ ತೆರೆಯಿರಿ ಎನ್ನುವವರು, ನಾನೂ ಅವರಲ್ಲೊಬ್ಬ, ಜಪಾನಿನ ಅನುಭವವನ್ನು ಓದಲೇಬೇಕು. ಅಲ್ಲಿ 1872ರಲ್ಲಿ ದೇಶದ ಎಲ್ಲ ಮನೆಗಳ ಕೊಸೆಕಿ ಎಂಬ ಕುಟುಂಬ ನೋಂದಣಿ ತಯಾರಾಯಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಹುಟ್ಟಿನಿಂದ ‘ಕೀಳು’ ಎನಿಸಿಕೊಂಡಿದ್ದ ಸಮುದಾಯಗಳ ಹಳೆಯ ಅಂತಸ್ತನ್ನು ಕಾನೂನಿನಲ್ಲಿ ರದ್ದು ಮಾಡಿದ್ದರೂ, ನೋಂದಣಿಯಲ್ಲಿ ಅವರ ಮೂಲದ ಗುರುತು ಹಲವು ಕಡೆ ಉಳಿಯಿತು. ಮದುವೆಗೆ, ನೌಕರಿಗೆ ಮೊದಲು ಜನ ಅದನ್ನು ತೆಗೆಸಿ ನೋಡುತ್ತಿದ್ದರು. ಕೊನೆಗೆ 1968ರಲ್ಲಿ ಸರಕಾರ ಆ ನೋಂದಣಿಗಳನ್ನು ಯಾರೂ ನೋಡದಂತೆ ಮುಚ್ಚಿತು. ಆದರೂ 1975ರಲ್ಲಿ, ಬುರಾಕು ಎಂದು ಕರೆಯಲ್ಪಡುವ ಅದೇ ಸಮುದಾಯಗಳ ಊರುಕೇರಿಗಳ ಪಟ್ಟಿಯನ್ನು ಕಂಪನಿಗಳಿಗೆ ಗುಟ್ಟಾಗಿ ಮಾರುತ್ತಿದ್ದುದು ಬಯಲಾಯಿತು. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಚಾಳಿ ಜೀವಂತವಾಗಿರುವ ಯಾವ ಸಮಾಜದಲ್ಲೂ ನೂರು ವರ್ಷದ ಹಿಂದಿನ ಕಾಗದ ಹಳೆಯದಾಗುವುದಿಲ್ಲ. ನಾಜಿ ಜರ್ಮನಿಯಲ್ಲಿ ಚರ್ಚಿನ ರಿಜಿಸ್ಟರುಗಳೇ ರಕ್ತದ ‘ಶುದ್ಧಿ’ಯನ್ನು ಸಾಬೀತು ಮಾಡುವ ದಾಖಲೆಗಳಾದವು. ಆಮ್‌ಸ್ಟರ್‌ಡ್ಯಾಮಿನ ಜನಸಂಖ್ಯಾ ನೋಂದಣಿ ಕಚೇರಿಗೆ 1943ರ ಮಾರ್ಚ್ 27ರಂದು ಪ್ರತಿರೋಧ ಹೋರಾಟಗಾರರು ಬೆಂಕಿ ಹಚ್ಚಿದ್ದು ಯೆಹೂದಿಗಳ ಮತ್ತು ತಲೆಮರೆಸಿಕೊಂಡವರ ಗುರುತು ಹಿಡಿಯದಂತೆ ತಡೆಯಲು. ಅದರಲ್ಲಿ ಪಾಲ್ಗೊಂಡ 12 ಮಂದಿಯನ್ನು ಗುಂಡಿಟ್ಟು ಕೊಂದರು. ದಾಖಲೆ ಉಳಿಯಲಿ ಎಂದು ಹೋರಾಡುವ ನಮ್ಮಂಥವರಿಗೆ, ದಾಖಲೆಯನ್ನು ಸುಡಲು ಪ್ರಾಣ ಕೊಟ್ಟವರೂ ನ್ಯಾಯದ ಕಡೆಯಲ್ಲೇ ಇದ್ದರು ಎಂಬ ಸತ್ಯ ಅರಗಿಸಿಕೊಳ್ಳಲು ಕಷ್ಟ. ಆದರೆ ಅರಗಿಸಿಕೊಳ್ಳಬೇಕು.

ಅದೇ ನೆದರ್‌ಲೆಂಡ್ಸ್ 2025ರ ಜನವರಿಯಲ್ಲಿ ಈ ಇಕ್ಕಟ್ಟನ್ನು ಮತ್ತೆ ಎದುರಿಸಿತು. ನಾಜಿಗಳ ಜೊತೆ ಕೈಜೋಡಿಸಿದ ಶಂಕೆಯ ಮೇಲೆ ಯುದ್ಧಾನಂತರ ವಿಚಾರಣೆಗೆ ಒಳಗಾದ ಸುಮಾರು 4.25 ಲಕ್ಷ ಜನರ ಕಡತಗಳ ಮೇಲಿನ ನಿರ್ಬಂಧ ಅವಧಿ ಮುಗಿದಿತ್ತು. ಕಡತಗಳನ್ನೇ ಆನ್‌ಲೈನಿಗೆ ಹಾಕುವ ಯೋಜನೆಯಿತ್ತು. ಮಾಹಿತಿ ಸಂರಕ್ಷಣಾ ಪ್ರಾಧಿಕಾರದ ಎಚ್ಚರಿಕೆಯ ಮೇಲೆ ಹೆಸರುಗಳ ಪಟ್ಟಿಯನ್ನು ಮಾತ್ರ ಆನ್‌ಲೈನಿನಲ್ಲಿ ಪ್ರಕಟಿಸಲಾಯಿತು. ಕಡತಗಳನ್ನು ಹೇಗ್ ನಗರದ ಪತ್ರಾಗಾರದಲ್ಲಿ ಕುಳಿತು ಓದಬೇಕು. ನನಗೆ ಇದು ತಲೆಕೆಳಗಾದ ಏರ್ಪಾಡು ಎನಿಸುತ್ತದೆ. ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅಪರಾಧಿಗಳಲ್ಲ. ಆರೋಪ ಬಿದ್ದುಹೋದವರೂ ಅದರಲ್ಲಿದ್ದಾರೆ. ಬರೀ ಹೆಸರು ಲೋಕಕ್ಕೆಲ್ಲ ಕಾಣುವಾಗ, ಆ ಹೆಸರಿನ ಮೇಲಿನ ಕಳಂಕವನ್ನು ತೊಡೆಯಬಹುದಾದ ಕಡತ ಬೀಗದೊಳಗಿದೆ.

ಇದಕ್ಕಿಂತ ವಿವೇಕದ ನಡೆ 1911ರ ಬ್ರಿಟಿಷ್ ಗಣತಿಯನ್ನು ಅವಧಿಗಿಂತ ಮುಂಚೆ, 2009ರಲ್ಲಿ, ತೆರೆದಾಗ ಕಂಡಿತ್ತು. ಅಂಗವೈಕಲ್ಯ, ಮನೋರೋಗಗಳನ್ನು ಬರೆದ ಕಲಮನ್ನು ಮಾತ್ರ 2012ರವರೆಗೆ ಮರೆಮಾಚಿ ಉಳಿದದ್ದನ್ನು ಬಿಡುಗಡೆ ಮಾಡಿದರು. ಪೂರ್ತಿ ಮುಚ್ಚುವುದು, ಪೂರ್ತಿ ತೆರೆಯುವುದು ಎಂಬ ಎರಡೇ ದಾರಿಗಳಿಲ್ಲ. ಕಲಮಿನಿಂದ ಕಲಮಿಗೆ ಯೋಚಿಸಬಹುದು. ಬದುಕಿರುವವರ ವಿವರವನ್ನು ಆನ್‌ಲೈನ್ ಮರಕ್ಕೆ ಹಾಕುವ ಮುನ್ನ ಅವರನ್ನು ಕೇಳುವುದು, ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಎಲ್ಲಿಂದ ಸಿಕ್ಕಿತು ಎಂದು ಬರೆಯುವುದು, ಊಹೆಯನ್ನು ಊಹೆ ಎಂದೇ ಗುರುತಿಸುವುದು, ಇವಕ್ಕೆ ಯಾವ ಕಾನೂನೂ ಬೇಕಾಗಿಲ್ಲ.

ಡಬ್ಲಿನ್ನಿನ ಸಾರ್ವಜನಿಕ ದಾಖಲೆ ಕಚೇರಿ 1922ರ ಜೂನ್ 30ರಂದು ಅಂತರ್ಯುದ್ಧದ ನಡುವೆ ಸ್ಫೋಟಗೊಂಡು, ಐರ್ಲೆಂಡಿನ ಏಳು ಶತಮಾನಗಳ ಕಾಗದ ಬೂದಿಯಾಯಿತು. 1821ರಿಂದ 1851ರವರೆಗಿನ ಗಣತಿಗಳ ಬಹುಭಾಗ ಅದರಲ್ಲಿ ಹೋಯಿತು. ಸರಿಯಾಗಿ ನೂರು ವರ್ಷದ ನಂತರ, 2022ರಲ್ಲಿ, ಸುಟ್ಟ ಭಂಡಾರವನ್ನು ಆನ್‌ಲೈನಿನಲ್ಲಿ ಮತ್ತೆ ಕಟ್ಟುವ ಯೋಜನೆ ಸಾರ್ವಜನಿಕರಿಗೆ ತೆರೆಯಿತು. ಅದಕ್ಕೆ ಸಾಮಗ್ರಿ ಸಿಕ್ಕಿದ್ದು ಬೇರೆ ಬೇರೆ ದೇಶಗಳ ಪತ್ರಾಗಾರ, ಗ್ರಂಥಾಲಯಗಳಲ್ಲಿ ಉಳಿದಿದ್ದ ಪ್ರತಿಗಳಿಂದ. ಬೆಂಕಿ ಬೀಳುವ ಮುಂಚೆ ಆ ಕಚೇರಿಯಲ್ಲಿ ಕುಳಿತು ತಮ್ಮ ಕೆಲಸಕ್ಕೆಂದು ಹಾಳೆಗಟ್ಟಲೆ ನಕಲು ಮಾಡಿಕೊಂಡಿದ್ದ ವಂಶಾವಳಿ ಸಂಶೋಧಕರ ನೋಟ್‌ಬುಕ್‌ಗಳೂ ಆ ಪ್ರತಿಗಳಲ್ಲಿವೆ. ಅವರು ತಮ್ಮ ಟಿಪ್ಪಣಿಗಳನ್ನು ಗ್ರಂಥಾಲಯಗಳಿಗೆ ಬಿಟ್ಟುಹೋಗಿದ್ದರಿಂದ ಸುಟ್ಟ ಗಣತಿಯ ಕೆಲವು ಮನೆಗಳನ್ನಾದರೂ ಇಂದು ಓದಲು ಸಾಧ್ಯವಾಗಿದೆ.